ತಾಕುಗಳಿಂದ ಬಂದ ಗ್ರಾಫ್

1959ರ ಏಪ್ರಿಲ್ 26, ಭಾನುವಾರ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮುಖಪುಟದಲ್ಲಿ ಗಣಿತದ ಸುದ್ದಿ ಬಂದಿತ್ತು. ಆಯ್ಲರ್ 1782ರಲ್ಲಿ ಪ್ರಕಟಿಸಿದ ಊಹೆಯೊಂದನ್ನು ಮೂವರು ಸೇರಿ ಸುಳ್ಳು ಮಾಡಿದ್ದರು. ಅವರಲ್ಲಿ ಇಬ್ಬರು ಭಾರತೀಯರು: ಆರ್. ಸಿ. ಬೋಸ್ ಮತ್ತು ಅವರ ಶಿಷ್ಯ ಎಸ್. ಎಸ್. ಶ್ರೀಖಂಡೆ. ಮೂರನೆಯವರು ಅಮೆರಿಕದ ಇ. ಟಿ. ಪಾರ್ಕರ್.

ಮಧ್ಯಪ್ರದೇಶದ ಸಾಗರದಲ್ಲಿ 1917ರಲ್ಲಿ ಹುಟ್ಟಿದ ಶ್ರೀಖಂಡೆ ಡಾಕ್ಟರೇಟ್ ಪಡೆದದ್ದು 1950ರಲ್ಲಿ, ಅಮೆರಿಕದ ಚಾಪೆಲ್ ಹಿಲ್‌ನಲ್ಲಿ. ಕಲಿತದ್ದು ಸಂಖ್ಯಾಶಾಸ್ತ್ರದ ವಿಭಾಗದಲ್ಲಿ. ಆ ಕಾಲಕ್ಕೆ ಜೋಡಣೆ-ಎಣಿಕೆಗಳ ಗಣಿತವಾದ ಕಾಂಬಿನೇಟೋರಿಕ್ಸ್‌ಗೆ ಅನ್ನ ಹಾಕುತ್ತಿದ್ದದ್ದು ಹೊಲವೇ. ಭೂಮಿಯ ಸಾರ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಹಾಗಾಗಿ ನಾಲ್ಕು ತಳಿಗಳನ್ನು ಹೋಲಿಸಬೇಕಾದರೆ ಹದಿನಾರು ತಾಕುಗಳನ್ನು ನಾಲ್ಕು ಸಾಲು, ನಾಲ್ಕು ಕಂಬಗಳಲ್ಲಿ ಹಾಕಿ, ಪ್ರತಿ ಸಾಲಿನಲ್ಲೂ ಪ್ರತಿ ಕಂಬದಲ್ಲೂ ಪ್ರತಿ ತಳಿ ಒಮ್ಮೆ ಮಾತ್ರ ಬರುವಂತೆ ಬಿತ್ತಬೇಕು. ಇದು ಲ್ಯಾಟಿನ್ ಚೌಕ. ನಾಲ್ಕು ಬಗೆಯ ಗೊಬ್ಬರವನ್ನೂ ಜೊತೆಗೇ ಪರೀಕ್ಷಿಸುವುದಾದರೆ ಇನ್ನೊಂದು ಚೌಕವನ್ನು ಇದರ ಮೇಲೆ ಹೊಂದಿಸಬೇಕು. ತಳಿ-ಗೊಬ್ಬರದ ಪ್ರತಿ ಜೋಡಿಯೂ ಒಮ್ಮೆ ಮಾತ್ರ ಬರಬೇಕು.

ಆಯ್ಲರ್ ಇದನ್ನೇ ಸೇನಾಧಿಕಾರಿಗಳ ಲೆಕ್ಕವಾಗಿ ಕೇಳಿದ್ದ. 2, 6, 10, 14 ಹೀಗೆ ಸಾಗುವ ಗಾತ್ರಗಳಿಗೆ ಇಂಥ ಜೋಡಿ ಸಾಧ್ಯವೇ ಇಲ್ಲ ಎಂಬುದು ಅವನ ಊಹೆ. ಆರರ ಮಟ್ಟಿಗೆ ಅದು ನಿಜವೆಂದು ಫ್ರಾನ್ಸಿನ ಗ್ಯಾಸ್ತೋಂ ತಾರಿ 1900ರ ಹೊತ್ತಿಗೆ ಕೈಯಲ್ಲೇ ಲೆಕ್ಕ ಮಾಡಿ ತೋರಿಸಿದ್ದರಿಂದ ನಂಬಿಕೆ ಗಟ್ಟಿಯಾಗಿತ್ತು. ಬೋಸ್ ಮತ್ತು ಶ್ರೀಖಂಡೆ 22ರ ಜೋಡಿ ಕಟ್ಟಿದರು, ಪಾರ್ಕರ್ 10ರದ್ದು. ಕೊನೆಗೆ ಆಯ್ಲರನ ಪಾಲಿಗೆ ಉಳಿದದ್ದು 2 ಮತ್ತು 6 ಮಾತ್ರ.

ಸುದ್ದಿಯಾದದ್ದು ಇದು. ಆದರೆ ನನ್ನ ಮೆಚ್ಚುಗೆ ಅದೇ ವರ್ಷ ಸದ್ದಿಲ್ಲದೆ ಬಂದ ಶ್ರೀಖಂಡೆಯವರ ಇನ್ನೊಂದು ಪ್ರಬಂಧಕ್ಕೆ. ಅದರ ಪ್ರಶ್ನೆಯ ಬೇರೂ ಹೊಲದ ಪ್ರಯೋಗದಲ್ಲೇ; ಚದುರಂಗದ ಮೂಲಕ ನೋಡೋಣ. ಆನೆಯನ್ನು ನಾಲ್ಕು ಸಾಲು, ನಾಲ್ಕು ಕಂಬಗಳ ಮಣೆಯ ಮೇಲಿಡಿ. ಯಾವ ಮನೆಯಲ್ಲಿಟ್ಟರೂ ಒಂದೇ ನಡೆಯಲ್ಲಿ ಆರು ಮನೆಗಳಿಗೆ ಹೋಗಬಲ್ಲದು. ಆ ಆರನ್ನು ನಂಟರು ಎನ್ನೋಣ. ಯಾವ ಎರಡು ಮನೆಗಳನ್ನು ಹಿಡಿದರೂ ಅವಕ್ಕೆ ಇಬ್ಬರೇ ಸಮಾನ ನಂಟರು. ಈಗ ಮಣೆಯನ್ನು ಮುಚ್ಚಿಟ್ಟು ಈ ಸಂಖ್ಯೆಗಳನ್ನಷ್ಟೇ ಕೊಟ್ಟರೆ ಅದೇ ಮಣೆ ಮತ್ತೆ ಸಿಗುತ್ತದೆಯೇ? ಬೇರೆಲ್ಲ ಗಾತ್ರಗಳಿಗೂ ಸಿಗುತ್ತದೆ ಎಂದು ಸಾಧಿಸಿದ ಶ್ರೀಖಂಡೆ, ನಾಲ್ಕರಲ್ಲಿ ಮಾತ್ರ ಬೇರೊಂದು ರಚನೆಯೂ ಇದೆ ಎಂದು ಕಂಡುಕೊಂಡರು. ಪ್ರಬಂಧದ ಹೆಸರಿನಲ್ಲಿದ್ದದ್ದು 'ಅನನ್ಯತೆ'. ಲೇಖಕರ ಹೆಸರು ಉಳಿದದ್ದು ಅದಕ್ಕಿದ್ದ ಏಕೈಕ ಅಪವಾದದಿಂದ!

ಆ ಅಪವಾದವನ್ನು ಕಟ್ಟುವುದು ಸುಲಭ. ಪ್ರತಿ ಮನೆಯನ್ನೂ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ಜೊತೆಗೆ ಒಂದೇ ಓರೆಯ ಎರಡೂ ತುದಿಗಳಿಗೆ ಗೆರೆಯಿಂದ ಸೇರಿಸಿ. ಅಂಚು ದಾಟಿದ ಗೆರೆ ಎದುರಂಚಿನಿಂದ ಒಳಬರಲಿ. ಹದಿನಾರು ಬಿಂದು, 48 ಗೆರೆ. ಎಣಿಕೆಯಲ್ಲಿ ಆನೆಯ ಮಣೆಗೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆದರೆ ಆನೆಯ ಆರು ನಂಟರು ಎರಡು ಬಿಡಿ ತ್ರಿಕೋನಗಳಾದರೆ, ಇಲ್ಲಿನ ಆರು ಮಂದಿ ಸುತ್ತ ಕೈ ಹಿಡಿದು ಷಟ್ಕೋನವಾಗಿ ನಿಲ್ಲುತ್ತಾರೆ.

ಬಿಂದು-ಗೆರೆಗಳ ಇಂಥ ಜಾಲವೇ ಗ್ರಾಫ್. ಆದರೆ ನಂಟರ ಎಣಿಕೆ ಹೀಗೆ ಎಲ್ಲೆಡೆ ಒಂದೇ ಇರುವ ಗ್ರಾಫನ್ನು ಆಗ ಯಾರೂ 'ಸ್ಟ್ರಾಂಗ್ಲಿ ರೆಗ್ಯುಲರ್ ಗ್ರಾಫ್' ಎಂದು ಕರೆಯುತ್ತಿರಲಿಲ್ಲ. ಆ ಹೆಸರನ್ನು ಬೋಸ್ ಕೊಟ್ಟದ್ದು 1963ರಲ್ಲಿ. ಪ್ರಬಂಧ ಅಚ್ಚಾದದ್ದೂ ಸಂಖ್ಯಾಶಾಸ್ತ್ರದ ಪತ್ರಿಕೆಯಲ್ಲೇ. ಕೃಷಿ ಪ್ರಯೋಗದ ವಿನ್ಯಾಸಕ್ಕೆಂದು ಹುಟ್ಟಿದ ಪ್ರಶ್ನೆಯ ಉತ್ತರ ಗ್ರಾಫ್ ಸಿದ್ಧಾಂತದ ಪಠ್ಯಗಳಿಗೆ 'ಶ್ರೀಖಂಡೆ ಗ್ರಾಫ್' ಆಗಿ ಸೇರಿಕೊಂಡದ್ದು ಹೀಗೆ.

ಭಾರತಕ್ಕೆ ಮರಳಿದ ಶ್ರೀಖಂಡೆ ಬನಾರಸ್‌ನಲ್ಲಿ ಕಲಿಸಿ, 1963ರಲ್ಲಿ ಮುಂಬೈ ವಿಶ್ವವಿದ್ಯಾಲಯದ ಗಣಿತ ವಿಭಾಗದ ಮೊದಲ ಮುಖ್ಯಸ್ಥರಾದರು. 1978ರಲ್ಲಿ ನಿವೃತ್ತಿ. 2020ರಲ್ಲಿ ತೀರಿಕೊಂಡಾಗ ಅವರಿಗೆ 102 ವರ್ಷ. ಮಗ ಮೋಹನ್ ಶ್ರೀಖಂಡೆ ಹಿಡಿದದ್ದೂ ಕಾಂಬಿನೇಟೋರಿಕ್ಸ್ ದಾರಿಯನ್ನೇ.