ಕೊಚ್ಚಿಯ ಗಾಳಿ ಭಾರವೇ? ಹೊಸ ಗಾಲ್ಫ್ ಕೋರ್ಸ್‌ನಲ್ಲಿ ನಂಬಿಕೆ ಮತ್ತು ನಿಜ

ಬೆಂಗಳೂರು, ಮೈಸೂರಿನ ಗಾಲ್ಫ್ ಆಟಗಾರರು ಟೂರ್ನಿ ಆಡಲು ಕೇರಳಕ್ಕೆ ಹೋದರೆ ಮೊದಲ ಕೆಲವು ಹೊಡೆತಗಳಲ್ಲೇ ಒಂದು ಮಾತು ಕೇಳಿಬರುತ್ತದೆ: "ಇಲ್ಲಿ ಚೆಂಡು ಹೋಗ್ತಾನೇ ಇಲ್ಲ, ಗಾಳಿ ತೇವ ಕುಡಿದು ಭಾರ ಆಗಿದೆ." ಚೆಂಡು ಕಡಿಮೆ ದೂರ ಹೋಗುವುದು ಖಂಡಿತ ನಿಜ. ಆದರೆ ಅದಕ್ಕೆ ಕೊಡುವ ಕಾರಣ ತಪ್ಪು. ಕಾರಣ ತಪ್ಪಾದರೆ ಲೆಕ್ಕವೂ ತಪ್ಪುತ್ತದೆ.

ತೇವ ತುಂಬಿದ ಗಾಳಿ ಒಣ ಗಾಳಿಗಿಂತ ಹಗುರ. ನೀರಿನ ಅಣುತೂಕ 18, ಒಣ ಗಾಳಿಯ ಸರಾಸರಿ ಅಣುತೂಕ 29ರ ಹತ್ತಿರ. ಆವಿ ಬಂದು ಸೇರಿದಷ್ಟೂ ಭಾರದ ಅಣುಗಳ ಜಾಗವನ್ನು ಹಗುರದವು ತುಂಬುತ್ತವೆ. ವ್ಯತ್ಯಾಸ ಚಿಕ್ಕದು, ಆದರೆ ಅದು ಇರುವುದು ಚೆಂಡಿನ ಪರವಾಗಿ. ನಮ್ಮ ಚೆಂಡನ್ನು ನಿಜವಾಗಿ ತಡೆಯುವುದು ಕೊಚ್ಚಿಯ ಸಮುದ್ರಮಟ್ಟ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಮೈಸೂರು 760ರ ಆಸುಪಾಸಿನಲ್ಲಿ, ಮಡಿಕೇರಿ 1,100 ಮೀಟರ್‌ಗೂ ಮೇಲೆ. ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಶೇ. 10ರಷ್ಟು ಕಡಿಮೆ. ಕೊಚ್ಚಿಯ ಸೆಖೆ ಅದರಲ್ಲಿ ಸ್ವಲ್ಪವನ್ನು ಸರಿದೂಗಿಸಿದರೂ, ಊರಲ್ಲಿ 150 ಗಜ ಹಾರುವ ಐರನ್ ಅಲ್ಲಿ ಐದಾರು ಗಜ ಮೊದಲೇ ಇಳಿಯುತ್ತದೆ ಎಂದಿಟ್ಟುಕೊಳ್ಳಬೇಕು. ಅಂದರೆ ಅರ್ಧ ಕ್ಲಬ್. ಗ್ರೀನ್‌ನ ಮುಂದೆ ಕೆರೆಯಿದ್ದರೆ ಅರ್ಧ ಕ್ಲಬ್ ಎಂದರೆ ಇಡೀ ಹೋಲ್.

ತೇವವೇ ಕಾರಣವೆಂದು ನಂಬಿದವನು ಜನವರಿಯ ಒಣ ಬೆಳಗಿನಲ್ಲಿ "ಇವತ್ತು ಗಾಳಿ ಹಗುರ" ಎಂದುಕೊಂಡು ಮನೆಯ ಲೆಕ್ಕಕ್ಕೆ ಮರಳುತ್ತಾನೆ, ಚೆಂಡು ನೀರಿಗೆ ಬೀಳುತ್ತದೆ. ಎತ್ತರವೇ ಕಾರಣವೆಂದು ತಿಳಿದವನು ಜನವರಿಯಲ್ಲೂ ಜುಲೈಯಲ್ಲೂ ಅರ್ಧ ಕ್ಲಬ್ ಹೆಚ್ಚಿಗೆ ಹಿಡಿಯುತ್ತಾನೆ. ತೇವದ ಕಾಟ ಇರುವುದು ಬೇರೆ ಕಡೆ. ಒದ್ದೆ ಫೇರ್‌ವೇಯಲ್ಲಿ ಚೆಂಡು ಬಿದ್ದಲ್ಲೇ ನಿಲ್ಲುತ್ತದೆ, ಉರುಳಿನ ಗಜಗಳು ಹೋಗುತ್ತವೆ. ಕ್ಲಬ್ಬಿನ ಮುಖಕ್ಕೂ ಚೆಂಡಿಗೂ ನಡುವೆ ನೀರು ಸೇರಿದರೆ ಸ್ಪಿನ್ ಕಡಿಮೆಯಾಗಿ ಚೆಂಡು ಗ್ರೀನ್ ಮೇಲೆ ನಿಲ್ಲದೆ ಜಾರುತ್ತದೆ. ಬೆವರಿದ ಕೈಯಲ್ಲಿ ಹಿಡಿ ತಿರುಗುತ್ತದೆ. ಎರಡು ಒಣ ಗ್ಲೌಸ್, ಎರಡು ಟವೆಲ್ ಜೊತೆಗಿರಲಿ. ಕೊಚ್ಚಿಯಲ್ಲಿ ಇವು ಕ್ಲಬ್ಬುಗಳಷ್ಟೇ ಮುಖ್ಯ.

ಮೂರು ಕೋರ್ಸ್‌ಗಳ ಪರಿಚಯ ಇಲ್ಲಿ ಬೇಕು. ನೆಡುಂಬಾಶ್ಶೇರಿಯಲ್ಲಿ ಕೊಚ್ಚಿ ವಿಮಾನ ನಿಲ್ದಾಣದ ಸಂಸ್ಥೆಯೇ ಕಟ್ಟಿದ ಸಿಯಾಲ್ ಕೋರ್ಸ್ 18 ಹೋಲ್‌ಗಳದ್ದು, ನಡುನಡುವೆ ಕೆರೆಗಳು. ಕೊಚ್ಚಿಯ ಹಿನ್ನೀರಿನ ನಡುವಿನ ಬೋಲ್ಗಾಟ್ಟಿ ದ್ವೀಪದಲ್ಲಿ, 1744ರಲ್ಲಿ ಡಚ್ಚರು ಕಟ್ಟಿದ ಅರಮನೆಯ ಮಗ್ಗುಲಲ್ಲಿ ಒಂಬತ್ತು ಹೋಲ್‌ಗಳ ಪುಟ್ಟ ಕೋರ್ಸ್ ಇದೆ. ತಿರುವನಂತಪುರದಲ್ಲಿ ಕವಡಿಯಾರ್ ಅರಮನೆಯ ಆಸುಪಾಸಿನಲ್ಲಿ, ನಗರದ ಮಧ್ಯದಲ್ಲೇ, ಬ್ರಿಟಿಷರ ಕಾಲದ ಇನ್ನೊಂದು ಒಂಬತ್ತು ಹೋಲ್‌ನ ಅಂಗಳ.

"ಒಂಬತ್ತು ಹೋಲ್‌ನ ಚಿಕ್ಕ ಕೋರ್ಸ್, ಸುಲಭ"

ಬೆಂಗಳೂರಿನ ಕೆಜಿಎಯಂಥ ಉದ್ದದ ಕೋರ್ಸ್‌ನಲ್ಲಿ ಆಡಿ ಬಂದವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಚಿಕ್ಕ ಕೋರ್ಸ್ ಉದ್ದದಲ್ಲಿ ಬಿಟ್ಟುಕೊಟ್ಟದ್ದನ್ನು ಅಗಲದಲ್ಲಿ ವಸೂಲು ಮಾಡುತ್ತದೆ: ಮರಗಳು ಹತ್ತಿರ, ಗ್ರೀನ್ ಸಣ್ಣದು, ಗಡಿಬೇಲಿ ಕೈಗೆಟುಕುವಷ್ಟು ಸಮೀಪ. ಹ್ಯಾಂಡಿಕ್ಯಾಪ್ ಕೂಡ ಈ ಭ್ರಮೆಗೆ ಅವಕಾಶ ಕೊಡುವುದಿಲ್ಲ. "ನಾನು 14ರ ಆಟಗಾರ" ಎಂದು ಎಲ್ಲ ಊರಿನಲ್ಲೂ ಹೇಳಿಕೊಳ್ಳುವವರಿದ್ದಾರೆ. 2020ರಲ್ಲಿ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಆ ಸಂಖ್ಯೆ ಊರಿನಿಂದ ಊರಿಗೆ ಬದಲಾಗುತ್ತದೆ. ನಿಮ್ಮ ಇಂಡೆಕ್ಸನ್ನು ಆ ಕೋರ್ಸ್‌ನ ಸ್ಲೋಪ್ ರೇಟಿಂಗ್‌ನಿಂದ ಗುಣಿಸಿ, 113ರಿಂದ ಭಾಗಿಸಿ, ಕೋರ್ಸ್ ರೇಟಿಂಗ್‌ನಿಂದ ಪಾರ್ ಕಳೆದು ಬರುವ ಸಂಖ್ಯೆಯನ್ನು ಕೂಡಿಸಬೇಕು. ಇಂಡೆಕ್ಸ್ 14.2 ಇರುವವರಿಗೆ ಸ್ಲೋಪ್ 128, ರೇಟಿಂಗ್ 71, ಪಾರ್ 72ರ ಕೋರ್ಸ್‌ನಲ್ಲಿ 15 ಹೊಡೆತ ಸಿಗುತ್ತದೆ. ಸ್ಲೋಪ್ 105, ರೇಟಿಂಗ್ 68, ಪಾರ್ 70ರ ಕೋರ್ಸ್‌ನಲ್ಲಿ 11 ಮಾತ್ರ. ಅಂದರೆ ಕೋರ್ಸ್ ಸುಲಭವೆಂದು ನೀವು ಸಂತೋಷಪಡುವ ಹೊತ್ತಿಗೆ ಆ ಸುಲಭವನ್ನು ಆಗಲೇ ಕಳೆದಿಟ್ಟಿರುತ್ತಾರೆ.

ಒಂಬತ್ತು ಹೋಲ್‌ಗೆ ಒಂದು ದೊಡ್ಡ ಗುಣವಿದೆ, ಅದನ್ನು ಬಳಸಿಕೊಳ್ಳುವವರು ಕಡಿಮೆ. ಹದಿನೆಂಟರ ಸುತ್ತಿನಲ್ಲಿ ಪ್ರತಿ ಹೋಲನ್ನೂ ಸ್ಪರ್ಧೆಯ ದಿನವೇ ಎರಡು ಸಲ ನೋಡುವ ಅವಕಾಶ ಇನ್ನೆಲ್ಲೂ ಸಿಗುವುದಿಲ್ಲ. ಮೊದಲ ಸುತ್ತಿನಲ್ಲಿ ಚೆಂಡು ಎಲ್ಲಿ ಬಿತ್ತು, ಪುಟ್ ಎತ್ತ ವಾಲಿತು ಎಂದು ಸ್ಕೋರ್‌ಕಾರ್ಡಿನ ಅಂಚಿನಲ್ಲಿ ಗುರುತು ಹಾಕಿಕೊಂಡವನು ಎರಡನೆಯ ಸುತ್ತನ್ನು ಹೊಸಬನಾಗಿ ಆಡುವುದಿಲ್ಲ.

"ಅಭ್ಯಾಸದ ಸುತ್ತಿನಲ್ಲಿ ಚೆನ್ನಾಗಿ ಆಡಿದೆ, ನಾಳೆ ಇದೇ"

ಅಭ್ಯಾಸದ ಸುತ್ತಿನಲ್ಲಿ ಸ್ಕೋರ್ ಬರೆಯುವುದೇ ತಪ್ಪು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬರೆದ ಕೂಡಲೇ ಗಮನ ಬಾವುಟದ ಕಡೆಗೆ ಹೋಗುತ್ತದೆ. ನಾಳೆ ಬಾವುಟ ಅಲ್ಲಿರುವುದಿಲ್ಲ. ಅಭ್ಯಾಸದ ದಿನ ನೋಡಬೇಕಾದದ್ದು ಗ್ರೀನ್‌ನ ಸುತ್ತ: ಯಾವ ಬದಿಗೆ ತಪ್ಪಿದರೆ ಚಿಪ್ ಮಾಡಿ ಉಳಿಸಿಕೊಳ್ಳಬಹುದು, ಯಾವ ಬದಿಗೆ ತಪ್ಪಿದರೆ ಎರಡು ಹೊಡೆತ ಹೋಯಿತು. ಗ್ರೀನ್ ತಲುಪಿದ ಮೇಲೆ ಒಮ್ಮೆ ಹಿಂತಿರುಗಿ ಟೀ ಕಡೆಗೆ ನೋಡಿ. ಟೀಯಿಂದ ಕಿರಿದಾಗಿ ಕಂಡ ಫೇರ್‌ವೇ ಹಿಂದಿನಿಂದ ಎಷ್ಟು ಅಗಲವಿದೆ, ಬಂಕರ್‌ನ ಆಚೆ ಎಷ್ಟು ಜಾಗವಿದೆ ಎಂಬುದು ಆಗ ತಿಳಿಯುತ್ತದೆ.

ಇನ್ನೊಂದು ಮೋಸ ಗಾಳಿಯದು. ಮಂಗಳೂರು, ಕಾಸರಗೋಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಬಯಲುಸೀಮೆಯವರಿಗೆ ಹೇಳಬೇಕು. ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಈ ಕರಾವಳಿಯಲ್ಲಿ ಬೆಳಿಗ್ಗೆ ಗಾಳಿ ನೆಲದಿಂದ ಕಡಲಿನತ್ತ ಮೆಲ್ಲಗೆ ಬೀಸುತ್ತದೆ; ಬಿಸಿಲೇರಿ ನೆಲ ಕಾದ ಮೇಲೆ ಕಡಲಿನಿಂದ ಒಳನಾಡಿಗೆ ತಿರುಗುತ್ತದೆ. ಬೆಳಿಗ್ಗೆ ಏಳಕ್ಕೆ ಅಭ್ಯಾಸ ಮಾಡಿ ಮರುದಿನ ಮಧ್ಯಾಹ್ನದ ಟೀ ಟೈಮ್ ಸಿಕ್ಕವನಿಗೆ ಎಲ್ಲ ಹೋಲ್‌ಗಳೂ ಹಿಂದುಮುಂದಾಗಿರುತ್ತವೆ. ಎದುರುಗಾಳಿ ಕಳೆಯುವಷ್ಟನ್ನು ಬೆನ್ನಗಾಳಿ ಕೊಡುವುದಿಲ್ಲ, ಆದ್ದರಿಂದ "ಅದೇ ಹತ್ತು ಗಜ ಈ ಕಡೆ" ಎಂದು ತಿರುವಿಹಾಕಿದರೂ ಲೆಕ್ಕ ಕೂಡುವುದಿಲ್ಲ.

ಸ್ಪರ್ಧೆಯ ದಿನ ಬೆಳಿಗ್ಗೆ ಬೇಗ ಹೋಗಿ ಗ್ರೀನ್ ಮೇಲೆ ಚೆಂಡು ಉರುಳಿಸಿ ನೋಡೋಣ ಎಂದು ಯೋಚಿಸಿದ್ದರೆ, ಬೇಡ. ಸ್ಟ್ರೋಕ್ ಪ್ಲೇಯಲ್ಲಿ ಸುತ್ತಿಗೆ ಮೊದಲು ಅದೇ ಕೋರ್ಸ್‌ನಲ್ಲಿ ಅಭ್ಯಾಸ ಮಾಡುವುದನ್ನು, ಗ್ರೀನ್ ಮೇಲೆ ಚೆಂಡು ಉರುಳಿಸಿ ಪರೀಕ್ಷಿಸುವುದನ್ನು ನಿಯಮ 5.2 ತಡೆಯುತ್ತದೆ. ಮೊದಲ ಸಲ ಎರಡು ಹೊಡೆತದ ದಂಡ, ಮತ್ತೆ ಮಾಡಿದರೆ ಸ್ಪರ್ಧೆಯಿಂದಲೇ ಹೊರಕ್ಕೆ. ಬರೀ ನಡೆದು ನೋಡುವುದಕ್ಕೆ ಅಡ್ಡಿಯಿಲ್ಲ, ಅಭ್ಯಾಸದ ಗ್ರೀನೂ ಇದೆ.

"ಕ್ಯಾಡಿ ಹೇಳಿದ್ದೇ ಹೊಡೆಯಬೇಕು"

ಸ್ಥಳೀಯ ಕ್ಯಾಡಿ ಹೊಸಬರಿಗೆ ಸಿಗಬಹುದಾದ ಅತಿ ದೊಡ್ಡ ನೆರವು. ಕ್ಯಾಡಿಗಳ ತಿಳಿವಳಿಕೆಯನ್ನು ಕೇವಲ ಬ್ಯಾಗ್ ಹೊರುವ ಕೆಲಸವೆಂದು ಕಾಣುವವರಿಗೆ ಬೆಂಗಳೂರಿನ ಸಿ. ಮುನಿಯಪ್ಪ ಅವರ ಹೆಸರು ನೆನಪಿರಬೇಕು: ಕ್ಯಾಡಿಯಾಗಿ ಆರಂಭಿಸಿ ವೃತ್ತಿಪರರಾದ ಅವರು 2009ರಲ್ಲಿ ಗುರುಗ್ರಾಮದ ಡಿಎಲ್‌ಎಫ್ ಕೋರ್ಸ್‌ನಲ್ಲಿ ಇಂಡಿಯನ್ ಓಪನ್ ಗೆದ್ದರು, ಅದೂ ಪ್ಲೇಆಫ್‌ನಲ್ಲಿ.

ಆದರೆ ಕ್ಯಾಡಿಗೆ ಗೊತ್ತಿರುವುದು ಕೋರ್ಸ್, ನಿಮ್ಮ ಕೈಯಲ್ಲ. "ಯಾವ ಕ್ಲಬ್?" ಎಂದು ಕೇಳಿದರೆ ಅವನು ದಿನವೂ ನೋಡುವ ಸದಸ್ಯರು ಅಲ್ಲಿ ಏನು ಹಿಡಿಯುತ್ತಾರೋ ಅದನ್ನು ಹೇಳುತ್ತಾನೆ. "ಚೆಂಡು ಎಲ್ಲಿಗೆ ಹೋಗಬಾರದು?" ಎಂದು ಕೇಳಿ ನೋಡಿ, ಅದಕ್ಕೆ ಅವನಷ್ಟು ಖಚಿತವಾಗಿ ಉತ್ತರಿಸಬಲ್ಲವರು ಇನ್ನಿಲ್ಲ. ಭಾಷೆ ಬಾರದಿದ್ದರೂ ಕೈ ತೋರಿಸಿ ಹೇಳಿಬಿಡುತ್ತಾನೆ.

ಜೊತೆ ಆಡುವವರನ್ನು ಏನೂ ಕೇಳುವಂತಿಲ್ಲ ಎಂಬುದೂ ತಪ್ಪು ತಿಳಿವಳಿಕೆಯೇ. ಯಾವ ಕ್ಲಬ್ ಹೊಡೆದಿರಿ ಎಂದು ಕೇಳಿದರೆ ದಂಡ. ಬಾವುಟ ಎಲ್ಲಿದೆ, ಆ ಬಂಕರ್‌ಗೆ ಎಷ್ಟು ಗಜ, ಗುಡ್ಡೆಯ ಆಚೆ ಕೆರೆಯಿದೆಯೇ, ಈ ಸಂದರ್ಭಕ್ಕೆ ನಿಯಮವೇನು ಎಂದೆಲ್ಲ ಧಾರಾಳವಾಗಿ ಕೇಳಬಹುದು. ದೂರ ಅಳೆಯುವ ಸಾಧನಕ್ಕೂ 2019ರಿಂದ ಒಪ್ಪಿಗೆಯಿದೆ, ಸ್ಥಳೀಯ ನಿಯಮ ಬೇಡವೆನ್ನದಿದ್ದರೆ. ಏರಿಳಿತ ಲೆಕ್ಕಹಾಕುವ ಸೌಲಭ್ಯವನ್ನು ಮಾತ್ರ ಬಳಸಬಾರದು.

"ಹೊಸ ಕೋರ್ಸ್‌ನಲ್ಲಿ ಡ್ರೈವರ್ ಮುಟ್ಟಬೇಡ"

ಇದು ಹಿರಿಯರು ಕಿರಿಯರಿಗೆ ಕೊಡುವ ಮಾಮೂಲಿ ಬುದ್ಧಿಮಾತು, ಆದರೆ ಅರ್ಧ ಹೋಲ್‌ಗಳಲ್ಲಿ ನಷ್ಟದ ಬಾಬತ್ತು. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರೋಡಿ ಅಮೆರಿಕದ ಪಿಜಿಎ ಟೂರ್‌ನ ಲಕ್ಷಾಂತರ ಹೊಡೆತಗಳನ್ನು ಲೆಕ್ಕಹಾಕಿ 2014ರಲ್ಲಿ ಪುಸ್ತಕ ಬರೆದರು. ದಂಡ ಬೀಳದಿರುವವರೆಗೆ ಹೋಲ್‌ಗೆ ಹತ್ತಿರವಿದ್ದಷ್ಟೂ ಒಳ್ಳೆಯದು ಎಂಬುದನ್ನು ಅವರ ಅಂಕಿಗಳು ತೋರಿಸಿದವು. ಆದ್ದರಿಂದ ಟೀ ಮೇಲೆ ನಿಂತಾಗ ಕೇಳಿಕೊಳ್ಳಬೇಕಾದದ್ದು ಇಷ್ಟೇ: ನನ್ನ ಡ್ರೈವರ್ ಇಳಿಯುವ ದೂರದಲ್ಲಿ ಜಾಗ ಕಿರಿದಾಗಿ ಎರಡೂ ಬದಿಗೆ ದಂಡವಿದೆಯೇ? ಇದ್ದರೆ ಚಿಕ್ಕ ಕ್ಲಬ್. ಒಂದೇ ಬದಿಗೆ ಕೆರೆಯಿದ್ದರೆ ಗುರಿಯನ್ನು ಇನ್ನೊಂದು ಬದಿಗೆ ಸರಿಸಿ ಡ್ರೈವರ್ ಹೊಡೆಯಿರಿ. ಒಣ ತಿಂಗಳುಗಳಲ್ಲಿ ತಿರುವನಂತಪುರದ ಸುತ್ತಿನ ಜಂಬಿಟ್ಟಿಗೆ ನೆಲ ಗಟ್ಟಿಯಾಗುತ್ತದೆ, ಚೆಂಡು ಬಿದ್ದ ಮೇಲೂ ಓಡುತ್ತದೆ. ಅಲ್ಲಿ ಕಿರಿದಾಗುವ ಜಾಗ ನೀವೆಣಿಸಿದ್ದಕ್ಕಿಂತ ಹತ್ತಿರ ಬರುತ್ತದೆ.

ನೀರಿಗೆ ಹೋದರೂ ಎಲ್ಲ ಮುಗಿಯಲಿಲ್ಲ. ಕೆಂಪು ಗೂಟದ ಕೆರೆಯಾದರೆ ಒಂದು ಹೊಡೆತದ ದಂಡ ತೆತ್ತು, ಚೆಂಡು ಅಂಚು ದಾಟಿದ ಜಾಗದಿಂದ ಎರಡು ಕ್ಲಬ್ ಉದ್ದದೊಳಗೆ, ಕುಳಿಗೆ ಇನ್ನೂ ಹತ್ತಿರವಾಗದಂತೆ ಡ್ರಾಪ್ ಮಾಡಬಹುದು. ಹಳದಿಯಾದರೆ ಆ ಪಕ್ಕದ ದಾರಿಯಿಲ್ಲ. ಎಲ್ಲಿ ದಾಟಿತು ಎಂದು ಕಣ್ಣಿಟ್ಟು ನೋಡಿದವನಿಗೆ ಮಾತ್ರ ಈ ಲಾಭ.

ದೂರ ಹೊಡೆಯಲಾರದವರು ದೊಡ್ಡ ಕೋರ್ಸ್‌ನಲ್ಲಿ ಗೆಲ್ಲಲಾರರು ಎಂಬ ಮಾತಿಗೆ ಬೆಂಗಳೂರಿನ ಅದಿತಿ ಅಶೋಕ್ ಉತ್ತರ ಕೊಟ್ಟಾಗಿದೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ಕಸುಮಿಗಸೆಕಿ ಕೋರ್ಸ್‌ನಲ್ಲಿ, ಅರವತ್ತು ಆಟಗಾರ್ತಿಯರ ನಡುವೆ ಡ್ರೈವ್‌ನ ದೂರದಲ್ಲಿ ಅವರು ಕಟ್ಟಕಡೆಯ ಸಾಲಿನಲ್ಲಿದ್ದರು. ಮುಗಿಸಿದ್ದು ನಾಲ್ಕನೆಯವರಾಗಿ, ಪದಕಕ್ಕೆ ಒಂದೇ ಹೊಡೆತದ ಅಂತರದಲ್ಲಿ. ಆ ನಾಲ್ಕು ದಿನ ಅವರ ಪುಟ್ಟಿಂಗ್ ನೋಡಿದವರು ಮರೆಯಲಾರರು.

"ಪುಟ್ ಯಾವಾಗಲೂ ನೀರಿನ ಕಡೆಗೆ ವಾಲುತ್ತದೆ"

ಬೆಟ್ಟದಿಂದ ದೂರಕ್ಕೆ, ನೀರಿನ ಹತ್ತಿರಕ್ಕೆ ಎಂಬುದು ಗಾಲ್ಫ್‌ನ ಹಳೆಯ ಸೂತ್ರ. ಚಾಮುಂಡಿ ಬೆಟ್ಟದ ಬುಡದ ಮೈಸೂರು ಕೋರ್ಸ್‌ನಲ್ಲಿ ಬೆಳೆದವರಿಗೆ ಅದು ಸುಲಭವಾಗಿ ಮನಸ್ಸಿಗೆ ಹಿಡಿಸುತ್ತದೆ. ಬೋಲ್ಗಾಟ್ಟಿಯಲ್ಲಿ ಇದರಿಂದ ಏನು ಪ್ರಯೋಜನ? ದ್ವೀಪದಲ್ಲಿ ನೀರು ಎಲ್ಲ ಕಡೆಗೂ ಇದೆ. ಚೆಂಡು ವಾಲುವುದು ಆ ಗ್ರೀನ್‌ನ ಇಳಿಜಾರಿನಂತೆ. ನೀರು ದೂರದಲ್ಲಿದ್ದು ನೆಲ ಒಟ್ಟಾರೆ ಅತ್ತ ಇಳಿದಿದ್ದರೆ ಮಾತ್ರ ಸೂತ್ರ ನಿಜವೆನಿಸುತ್ತದೆ.

ನಮ್ಮ ದಕ್ಷಿಣದ ಗ್ರೀನ್‌ಗಳಲ್ಲಿ ಇಳಿಜಾರಿನ ಜೊತೆಗೆ ನೋಡಬೇಕಾದದ್ದು ಬರ್ಮುಡಾ ಜಾತಿಯ ಹುಲ್ಲಿನ ಒಲವು. ಬೆಚ್ಚಗಿನ ಊರಿನ ಈ ಹುಲ್ಲು ಒಂದು ದಿಕ್ಕಿಗೆ ಒರಗಿ ಬೆಳೆಯುತ್ತದೆ. ಕುಳಿಯ ಕಡೆ ನೋಡುವಾಗ ಹುಲ್ಲು ಹೊಳೆದರೆ ಅದು ನಿಮ್ಮಿಂದ ಆಚೆಗೆ ಒರಗಿದೆ, ಪುಟ್ ವೇಗವಾಗಿ ಓಡುತ್ತದೆ. ಮಂಕಾಗಿ ಕಡುಹಸಿರಾಗಿ ಕಂಡರೆ ನಿಮ್ಮ ಕಡೆಗೇ ಒರಗಿದೆ, ಗಟ್ಟಿಯಾಗಿ ತಟ್ಟಬೇಕು. ಅನುಮಾನವಿದ್ದರೆ ಕುಳಿಯ ಬಾಯಿಯನ್ನು ಹತ್ತಿರದಿಂದ ನೋಡಿ. ಒಂದು ಅಂಚು ಕತ್ತರಿಸಿದಂತೆ ನೀಟಾಗಿರುತ್ತದೆ, ಎದುರಿನ ಅಂಚಿನಲ್ಲಿ ಹುಲ್ಲು ಸವೆದು ಕಂದಾಗಿ ಹರಿದಿರುತ್ತದೆ. ಹುಲ್ಲು ಒರಗಿರುವುದು ಆ ಹರಿದ ಅಂಚಿನ ಕಡೆಗೆ. ಒದ್ದೆ ಬೆಳಗಿನಲ್ಲಿ ಹೊಳಪು ಮೋಸ ಮಾಡಬಹುದು, ಈ ಅಂಚು ಮಾಡುವುದಿಲ್ಲ.

ಬಾವುಟಕ್ಕೇ ಗುರಿಯಿಡಬೇಕೆಂಬ ಹಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹವ್ಯಾಸಿಗಳು ಗ್ರೀನ್ ತಪ್ಪಿಸುವುದು ಬಹುಪಾಲು ಮುಂದೆಯೇ ಬಿದ್ದು, ಅದರ ಮೇಲೆ ಸಮುದ್ರಮಟ್ಟದ ಐದಾರು ಗಜ. ಗ್ರೀನ್‌ನ ನಡುಭಾಗಕ್ಕೆ ದೂರ ಅಳೆದು ಹೊಡೆದರೆ ಸಾಕು.

"ತೆಂಗಿನಗರಿ ಬಿದ್ದರೆ ನಸೀಬು"

ಅಲ್ಲ. ಬಿದ್ದ ಗರಿ, ಕಾಯಿ, ಒಣ ಎಲೆಗಳನ್ನು ಚೆಂಡು ಅಲುಗಾಡದಂತೆ ಎತ್ತಿಹಾಕಬಹುದು. 2019ರಿಂದ ಬಂಕರ್ ಒಳಗೂ ಇದಕ್ಕೆ ಅವಕಾಶವಿದೆ. ಮಳೆ ನೀರು ನಿಂತ ಜಾಗದಿಂದ ದಂಡವಿಲ್ಲದೆ ಆಚೆ ಡ್ರಾಪ್ ಮಾಡಬಹುದು, ಮೆತ್ತನೆಯ ಫೇರ್‌ವೇಯಲ್ಲಿ ತನ್ನದೇ ಗುಂಡಿಯಲ್ಲಿ ಹುದುಗಿದ ಚೆಂಡನ್ನೂ. ಆದರೆ ಚೆಂಡು ಹುಡುಕಲು ಈಗ ಇರುವುದು ಐದಲ್ಲ, ಮೂರೇ ನಿಮಿಷ.

"ಸೈರನ್ ಆಗುವವರೆಗೆ ಆಡಲೇಬೇಕು"

ಈ ಒಂದು ತಪ್ಪು ಕಲ್ಪನೆ ಪ್ರಾಣಕ್ಕೆ ಕುತ್ತು. ಕೇರಳದಲ್ಲಿ ಏಪ್ರಿಲ್–ಮೇ ತಿಂಗಳ ಬೇಸಿಗೆ ಮಳೆಯಲ್ಲೂ ಅಕ್ಟೋಬರ್–ನವೆಂಬರ್‌ನ ತುಲಾವರ್ಷವೆಂಬ ಹಿಂಗಾರು ಮಳೆಯಲ್ಲೂ ಮಧ್ಯಾಹ್ನದ ಮೇಲೆ ಸಿಡಿಲು ಸಾಮಾನ್ಯ, ಬೆಳಗಿನ ಬಿಸಿಲು ನೋಡಿ ಅದನ್ನು ಊಹಿಸಲಾಗದು. ಸಿಡಿಲಿನ ಅಪಾಯವಿದೆ ಎಂದು ಸಕಾರಣವಾಗಿ ಅನ್ನಿಸಿದರೆ ಯಾರ ಅಪ್ಪಣೆಗೂ ಕಾಯದೆ ಆಟ ನಿಲ್ಲಿಸುವ ಹಕ್ಕನ್ನು ನಿಯಮ 5.7 ಆಟಗಾರನಿಗೆ ಕೊಡುತ್ತದೆ, ದಂಡವಿಲ್ಲ. ನಿಲ್ಲಿಸಿದ್ದನ್ನು ಆದಷ್ಟು ಬೇಗ ಸಮಿತಿಗೆ ತಿಳಿಸಬೇಕು. ಸಮಿತಿಯೇ ತಕ್ಷಣದ ನಿಲುಗಡೆಗೆ ಒಂದು ಉದ್ದನೆಯ ಸೈರನ್ ಊದಿದರೆ ಮಾತ್ರ ಆಯ್ಕೆಯಿಲ್ಲ: ಹೋಲ್ ಮುಗಿಸುವಂತಿಲ್ಲ, ಒಂದಡಿಯ ಪುಟ್ಟನ್ನೂ ಹಾಕುವಂತಿಲ್ಲ, ಹಾಕಿದವರು ಸ್ಪರ್ಧೆಯಿಂದ ಹೊರಗೆ. ಚೆಂಡನ್ನು ಇದ್ದಲ್ಲೇ ಬಿಡಿ ಅಥವಾ ಗುರುತು ಇಟ್ಟು ಎತ್ತಿಕೊಳ್ಳಿ. ಮರದಡಿಗೆ ಹೋಗಬೇಡಿ, ತೆರೆದ ಕಾರ್ಟಿನಲ್ಲಿ ಕೂರಬೇಡಿ, ಕ್ಯಾಡಿಯನ್ನೂ ಕರೆದುಕೊಂಡು ಕ್ಲಬ್‌ಹೌಸ್ ಸೇರಿ.