ನುಣುಪು ಬರುವುದು ಕಲ್ಲಿನಿಂದ

ಮನೆಯಲ್ಲಿ ಚಾಕೊಲೇಟ್ ಹೇಜಲ್‌ನಟ್ ಸ್ಪ್ರೆಡ್ ಮಾಡಿ ನೋಡಿದವರಲ್ಲಿ ಹೆಚ್ಚಿನವರು ಹೇಳುವುದು ಒಂದೇ ಮಾತು: ರುಚಿ ಅಂಗಡಿಯದಕ್ಕಿಂತ ಚೆನ್ನಾಗಿದೆ, ಆದರೆ ನಾಲಿಗೆಗೆ ತರಿತರಿ. ಮುಂದಿನ ಸಲ ಎಣ್ಣೆ ಹೆಚ್ಚು ಹಾಕುತ್ತಾರೆ, ಕೋಕೋ ಪುಡಿ ಬದಲಿಸುತ್ತಾರೆ, ಸಕ್ಕರೆ ಕಡಿಮೆ ಮಾಡುತ್ತಾರೆ. ತರಿ ಹೋಗುವುದಿಲ್ಲ. ಅದು ಅಳತೆಯ ತಪ್ಪಲ್ಲ, ಅರೆಯುವ ಯಂತ್ರದ ಮಿತಿ.

ಈ ತಿನಿಸಿನ ತವರು ಇಟಲಿಯ ವಾಯವ್ಯದ ಪಿಯೆಮಾಂಟ್ ಪ್ರಾಂತ್ಯ. ನೆಪೋಲಿಯನ್ 1806ರಲ್ಲಿ ಬ್ರಿಟನ್ನಿನ ವ್ಯಾಪಾರಕ್ಕೆ ತಡೆ ಹಾಕಿದಾಗ ಟ್ಯೂರಿನ್ ನಗರದಲ್ಲಿ ಕೋಕೋ ದುಬಾರಿಯಾಯಿತು, ಆಗ ಸುತ್ತಲಿನ ಬೆಟ್ಟಗಳಲ್ಲಿ ಬೆಳೆಯುವ ಹೇಜಲ್‌ನಟ್ಟನ್ನು ಅರೆದು ಬೆರೆಸತೊಡಗಿದರು ಎನ್ನುವುದು ಅಲ್ಲಿ ರೂಢಿಯಲ್ಲಿರುವ ಕಥೆ. ಎರಡನೇ ಮಹಾಯುದ್ಧದ ನಂತರ ಮತ್ತೆ ಕೋಕೋಗೆ ಬರ ಬಂತು. ಆಲ್ಬಾ ಪಟ್ಟಣದ ಪಿಯೆತ್ರೊ ಫೆರೆರೊ 1946ರಲ್ಲಿ ಅದೇ ಮಿಶ್ರಣವನ್ನು ಗಟ್ಟಿ ಅಚ್ಚಿನ ರೂಪದಲ್ಲಿ ಮಾರಿದರು. 1951ರಲ್ಲಿ ಅದು ಹಚ್ಚಿಕೊಳ್ಳುವಷ್ಟು ಮೃದುವಾಯಿತು, 1964ರಲ್ಲಿ ನ್ಯುಟೆಲಾ ಎಂಬ ಹೆಸರು ಪಡೆಯಿತು.

ಹೇಜಲ್‌ನಟ್ಟಿನ ತೂಕದಲ್ಲಿ ಸುಮಾರು ಶೇ. 60ರಷ್ಟು ಎಣ್ಣೆಯೇ. ಹುರಿದ ಬೀಜವನ್ನು ಮಿಕ್ಸಿಗೆ ಹಾಕಿ ಮುಚ್ಚಳದ ಮೂಲಕ ನೋಡುತ್ತಿರಿ. ಮೊದಲು ರವೆಯಾಗುತ್ತದೆ. ಆಮೇಲೆ ಪುಡಿ ಜಾರಿನ ಗೋಡೆಗೆ ಮೆತ್ತಿಕೊಂಡು ಬ್ಲೇಡು ಖಾಲಿ ತಿರುಗತೊಡಗುತ್ತದೆ. ಬಹಳಷ್ಟು ಜನ ಕೈಬಿಟ್ಟು ಎಣ್ಣೆಯೋ ಹಾಲೋ ಸುರಿಯುವುದು ಇಲ್ಲೇ. ಸುರಿಯಬೇಡಿ. ನಿಲ್ಲಿಸಿ, ಕೆರೆದು ಕೆಳಕ್ಕೆ ತಳ್ಳಿ, ಮತ್ತೆ ತಿರುಗಿಸಿ. ಎಣ್ಣೆ ಬೀಜದ ಜೀವಕೋಶಗಳ ಒಳಗೆ ಸಣ್ಣ ಸಣ್ಣ ಹನಿಗಳಾಗಿ ಕೂತಿರುತ್ತದೆ. ಕೋಶಗಳು ಒಡೆದಂತೆಲ್ಲ ಹೊರಬಂದು ಪುಡಿಯ ಕಣಗಳನ್ನು ಸುತ್ತುವರಿಯುತ್ತದೆ. ನೋಡನೋಡುತ್ತ ಮುದ್ದೆ ಸಡಿಲಗೊಂಡು, ಹೊಳಪು ಬಂದು, ಹನಿ ನೀರೂ ಇಲ್ಲದೆ ಹರಿಯತೊಡಗುತ್ತದೆ. ಬೀಜ ಬೆಚ್ಚಗಿದ್ದರೆ ಎಣ್ಣೆ ಬೇಗ ಬಿಡುತ್ತದೆ.

ಆದರೂ ಅದು ನುಣ್ಣಗಿಲ್ಲ. ಕಣದ ಗಾತ್ರ ಸುಮಾರು 30 ಮೈಕ್ರಾನ್ ದಾಟಿದರೆ, ಅಂದರೆ ಕೂದಲೆಳೆಯ ಅರ್ಧದಷ್ಟಾದರೂ ಸಾಕು, ನಾಲಿಗೆ ಅದನ್ನು ಪತ್ತೆಹಚ್ಚುತ್ತದೆ. ಚಾಕೊಲೇಟ್ ಕಾರ್ಖಾನೆಗಳು 20–25 ಮೈಕ್ರಾನಿಗೆ ಅರೆಯುವುದು ಇದಕ್ಕೇ. ಮಿಕ್ಸಿ ಬಡಿದು ಕತ್ತರಿಸುವ ಯಂತ್ರ. ಕಣ ಸಣ್ಣದಾದಷ್ಟೂ ಅದು ಬ್ಲೇಡಿಗೆ ಸಿಗದೆ, ಎಣ್ಣೆಯ ಹರಿವಿನೊಡನೆ ಬದಿಗೆ ಸರಿದು ತಪ್ಪಿಸಿಕೊಳ್ಳುತ್ತದೆ. ಇನ್ನಷ್ಟು ಹೊತ್ತು ಓಡಿಸಿದರೆ ಹೆಚ್ಚುವುದು ಬಿಸಿ, ನುಣುಪಲ್ಲ. ಎಲ್ಲಕ್ಕಿಂತ ಹಟಮಾರಿ ಸಕ್ಕರೆ. ಅದು ಎಣ್ಣೆಯಲ್ಲಿ ಕರಗುವುದೇ ಇಲ್ಲ, ಹರಳಾಗಿಯೇ ಉಳಿಯುತ್ತದೆ.

ಇಲ್ಲಿ ಗೆಲ್ಲುವುದು ದೋಸೆ ಹಿಟ್ಟಿನ ಗ್ರೈಂಡರ್. ಪಾತ್ರೆಯ ತಳದ ಗ್ರಾನೈಟ್ ಹಾಸಿನ ಮೇಲೆ ಗ್ರಾನೈಟಿನ ಗುಂಡುಗಳು ಒತ್ತಿಕೊಂಡು ಉರುಳುತ್ತವೆ. ನಡುವೆ ಸಿಕ್ಕ ಕಣಕ್ಕೆ ಸರಿಯಲು ಜಾಗವಿಲ್ಲ, ಒತ್ತಡಕ್ಕೂ ಉಜ್ಜಾಟಕ್ಕೂ ಒಟ್ಟಿಗೇ ಸಿಕ್ಕಿ ಒಡೆಯುತ್ತದೆ. ವೇಗ ಕಡಿಮೆ, ಬಿಸಿಯೂ ಕಡಿಮೆ. ಮಧ್ಯ ಅಮೆರಿಕದ ಜನ ಸಾವಿರಾರು ವರ್ಷಗಳಿಂದ ಕೋಕೋ ಅರೆದಿದ್ದೂ ಇಳಿಜಾರು ಕಲ್ಲಿನ ಮೇಲೆ, ಕಲ್ಲಿನ ಲಟ್ಟಣಿಗೆಯಿಂದ. ರೊಡಾಲ್ಫ್ ಲಿಂಟ್ 1879ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಚಾಕೊಲೇಟನ್ನು ಗಂಟೆಗಟ್ಟಲೆ ಉಜ್ಜುವ ಯಂತ್ರ ರೂಪಿಸಿದ ಮೇಲೆ ಬಾಯಲ್ಲಿ ಕರಗುವ ಚಾಕೊಲೇಟ್ ಬಂತು. 2000ದ ದಶಕದಲ್ಲಿ ಅಮೆರಿಕದಲ್ಲಿ ಮನೆಯಲ್ಲೇ ಕೋಕೋ ಬೀಜದಿಂದ ಚಾಕೊಲೇಟ್ ಮಾಡಹೊರಟವರಿಗೆ ಕಾರ್ಖಾನೆಯ ಯಂತ್ರ ಕೈಗೆಟುಕುವಂತಿರಲಿಲ್ಲ. ಅವರು ಹಿಡಿದದ್ದು ತಮಿಳುನಾಡಿನಲ್ಲಿ ತಯಾರಾಗುವ ಟೇಬಲ್ ಟಾಪ್ ಗ್ರೈಂಡರನ್ನು. ಇಂದು ಜಗತ್ತಿನ ಎಷ್ಟೋ ಸಣ್ಣ ಚಾಕೊಲೇಟ್ ತಯಾರಕರ ಕೋಣೆಯಲ್ಲಿ ತಿರುಗುತ್ತಿರುವುದು ಅದರ ಸುಧಾರಿತ ರೂಪ. ನಮ್ಮ ಇಡ್ಲಿ ದೋಸೆಗೆಂದು ಹುಟ್ಟಿದ ಯಂತ್ರಕ್ಕೆ ಇದಕ್ಕಿಂತ ದೊಡ್ಡ ಗೌರವ ಬೇಕೆ ಎಂದು ನನಗೆ ಅನ್ನಿಸುತ್ತದೆ.

ಮಾಡುವುದು ಹೀಗೆ. 200 ಗ್ರಾಂ ಹೇಜಲ್‌ನಟ್ ಕೊಳ್ಳುವ ಮೊದಲು ಒಂದನ್ನು ಕಚ್ಚಿ ನೋಡಿ, ಕಮಟು ವಾಸನೆ ಇದ್ದರೆ ಬೇಡ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಒಳಗಿನ ತಿರುಳು ಹೊಂಬಣ್ಣಕ್ಕೆ ಬರುವ ತನಕ ಹುರಿಯಿರಿ. ಆ ವಿಶಿಷ್ಟ ಪರಿಮಳದ ಮುಖ್ಯ ಪಾಲು ಫಿಲ್ಬರ್ಟೋನ್ ಎಂಬ ರಾಸಾಯನಿಕದ್ದು, ಹುರಿದಾಗ ಅದು ಬಹಳಪಟ್ಟು ಹೆಚ್ಚುತ್ತದೆ. ಬಿಸಿ ಇರುವಾಗಲೇ ಒರಟು ಬಟ್ಟೆಯಲ್ಲಿ ಕಟ್ಟಿ ತಿಕ್ಕಿದರೆ ಒಗರು ಸಿಪ್ಪೆ ಉದುರುತ್ತದೆ. ಮಿಕ್ಸಿಯಲ್ಲಿ ಹರಿಯುವಷ್ಟು ಅರೆದು, ಪೂರ್ತಿ ಒಣಗಿದ ಗ್ರೈಂಡರಿಗೆ ಸುರಿಯಿರಿ. 100 ಗ್ರಾಂ ಸಕ್ಕರೆ ಪುಡಿ, 30 ಗ್ರಾಂ ಕೋಕೋ ಪುಡಿ, 30 ಗ್ರಾಂ ಹಾಲಿನ ಪುಡಿ, ಚಿಟಿಕೆ ಉಪ್ಪನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನಡುವೆ ಕೋಕೋ ಬೆಳೆಯುತ್ತದೆ, ಪುತ್ತೂರಿನಲ್ಲಿ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆ 1986ರಿಂದ ಇದೆ. ಹಾಗಾಗಿ ಕೋಕೋ ಮಟ್ಟಿಗೆ ದೂರ ಹೋಗಬೇಕಿಲ್ಲ. ಒಂದೆರಡು ಗಂಟೆಯಲ್ಲಿ ತರಿ ಬಹುಮಟ್ಟಿಗೆ ಇಳಿಯುತ್ತದೆ. ನಡುನಡುವೆ ನಿಲ್ಲಿಸಿ, ಏಕೆಂದರೆ ಮನೆಯ ಗ್ರೈಂಡರಿನ ಮೋಟಾರು ಅರ್ಧ ಗಂಟೆಯ ಹಿಟ್ಟಿಗೆಂದು ಮಾಡಿದ್ದು.

ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು ಬೇಕು: ನೀರು. ಒಂದು ಚಮಚ ಬಿದ್ದರೂ ಸಕ್ಕರೆ ಹರಳುಗಳು ಅದನ್ನು ಹೀರಿ, ಮೇಲ್ಮೈಯಲ್ಲಿ ಪಾಕವಾಗಿ, ಒಂದಕ್ಕೊಂದು ಅಂಟಿ ಇಡೀ ಸ್ಪ್ರೆಡ್ಡನ್ನು ಗಟ್ಟಿ ಮುದ್ದೆ ಮಾಡುತ್ತವೆ. ಹಾಲು, ಜೇನು, ಬೆಲ್ಲ ಮೂರರಲ್ಲೂ ನೀರಿನಂಶವಿದೆ, ಆದ್ದರಿಂದ ಇಲ್ಲಿ ಸಲ್ಲವು. ಕೆಡದಂತೆ ಕಾಯುವುದೂ ಈ ಒಣತನವೇ. ನೀರಿಲ್ಲದ ಕಡೆ ಬೂಸ್ಟೂ ಬ್ಯಾಕ್ಟೀರಿಯಾವೂ ಬೆಳೆಯಲಾರವು.

ಕೆಲವು ದಿನ ಬಿಟ್ಟರೆ ಎಣ್ಣೆ ಮೇಲೆ ತೇಲುತ್ತದೆ. ಹೇಜಲ್‌ನಟ್ ಎಣ್ಣೆ ನಮ್ಮ ಹವೆಯಲ್ಲಿ ಸದಾ ದ್ರವ. ಕಾರ್ಖಾನೆಗಳು ಅರೆಗಟ್ಟಿ ತಾಳೆ ಎಣ್ಣೆ ಬೆರೆಸಿ ಅದನ್ನು ಹಿಡಿದಿಡುತ್ತವೆ. ಮನೆಯಲ್ಲಿ 50 ಗ್ರಾಂ ಡಾರ್ಕ್ ಚಾಕೊಲೇಟ್ ಕರಗಿಸಿ ಕೊನೆಗೆ ಸೇರಿಸಿದರೆ ಅದರ ಕೋಕೋ ಬೆಣ್ಣೆ ಅದೇ ಕೆಲಸವನ್ನು ಸ್ವಲ್ಪಮಟ್ಟಿಗೆ ಮಾಡುತ್ತದೆ. ಆಮೇಲೂ ತೇಲಿದರೆ ಒಣ ಚಮಚದಿಂದ ತಳ ಮುಟ್ಟಿ ಕಲಕಿದರಾಯಿತು.