ಬ್ರೋಕರ್ ರಜೆ ಕೇಳಿದರೆ ನಕ್ಕು ಸುಮ್ಮನಿರಿ

"ಊರಿಗೆ ಯಾವಾಗ ಬಂದದ್ದು ಮಾರ್ರೆ? ರಜೆ ಎಷ್ಟು ದಿನ ಉಂಟು?"

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದ ಗಲ್ಫ್ ಉದ್ಯೋಗಿಗೆ ಬ್ರೋಕರ್ ಮೊದಲು ಕೇಳುವುದೇ ಇದನ್ನು. ಕೇಳುವುದೂ ಪ್ರೀತಿಯಿಂದಲೇ, ಚಾ ಕೊಟ್ಟೇ. "ಒಂದೇ ತಿಂಗಳು, ಮುಂದಿನ ವಾರ ತಂಗಿಯ ಮದುವೆ" ಎಂದು ನಾವು ಬಾಯಿಬಿಟ್ಟರೆ ಚೌಕಾಸಿ ಅಲ್ಲಿಗೇ ಮುಗಿಯಿತು. ಕಾರಿನ ಬೆಲೆಗಿಂತ ಮೊದಲು ಅವರು ಅಳೆಯುವುದು ನಮ್ಮ ಅವಸರವನ್ನು.

ಕೆಲವು ವರ್ಷಗಳ ಹಿಂದೆ ನನ್ನ ತಮ್ಮನಿಗೂ ಹೀಗೇ ಆಯಿತು. ದಮ್ಮಾಮಿನಿಂದ ಬಂದ ಮೂರನೇ ದಿನವೇ ಕಾರು ಅಂಗಳದಲ್ಲಿತ್ತು. ಅವನು ವಾಪಸ್ ಹೋದ ಮೇಲೆ ಮೊದಲ ಮಳೆಗೇ ಒಳಗೆ ನೀರು. ಕಾರ್ಪೆಟ್ ಎತ್ತಿ ನೋಡಿದರೆ ಅಡಿಯ ತಗಡು ತುಕ್ಕು ಹಿಡಿದು ತೂತಾಗಿದೆ. ಉಮ್ಮ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಎರಡು ವರ್ಷದ ಬೆವರು ಮೋನೇ, ಮೂರು ದಿನದಲ್ಲಿ ಕೊಟ್ಟೆಯಲ್ಲ."

ಹಾಗಾದರೆ ಯಾವಾಗ ಕೊಳ್ಳಬೇಕು? ಪೆರ್ನಾಲ್ ಮತ್ತು ಶಾಲಾ ರಜೆಯ ಸಮಯದಲ್ಲಿ ಊರಿಗೆ ಬರುವವರು ಜಾಸ್ತಿ, ಕಾರು ಹುಡುಕುವವರೂ ಜಾಸ್ತಿ. ಆಗ ಬೆಲೆ ಇಳಿಯುವುದು ಕಷ್ಟ. ಆಟಿ ತಿಂಗಳಲ್ಲಿ ಹೊಸ ವ್ಯವಹಾರಕ್ಕೆ ಕೈಹಾಕದವರು ನಮ್ಮ ಜಿಲ್ಲೆಯಲ್ಲಿ ಬಹಳ ಮಂದಿ. ಅದೇ ನಮಗೆ ಒಳ್ಳೆಯ ಹೊತ್ತು. ಗಿರಾಕಿ ಕಡಿಮೆ, ಮೇಲಿಂದ ಜಡಿಮಳೆಯೇ ಕಾರನ್ನು ಪರೀಕ್ಷೆ ಮಾಡುತ್ತದೆ. ಸೋರುವುದು, ಒಳಗಿನ ಮುಗ್ಗಲು ವಾಸನೆ ಎಲ್ಲ ಆಗಲೇ ಗೊತ್ತಾಗುವುದು. ದೀಪಾವಳಿಗೆ ಹೊಸ ಕಾರು ಕೊಂಡವರ ಹಳೆಯ ಕಾರುಗಳು ಆಮೇಲೆ ಮಾರಾಟಕ್ಕೆ ಬರುತ್ತವೆ. ಡಿಸೆಂಬರ್‌ನಲ್ಲಿ ಕೊಳ್ಳುವುದಾದರೆ ಒಂದು ಲೆಕ್ಕ ನೆನಪಿರಲಿ: ಜನವರಿ 1ಕ್ಕೆ ಆ ಕಾರು ಇನ್ನೂ ಒಂದು ವರ್ಷ ಹಳತು. ಅದನ್ನು ಹೇಳಿಯೇ ಬೆಲೆ ಕೇಳಿ.

ರಜೆಯ ದಿನ ನಮ್ಮ ಕೈಯಲ್ಲಿಲ್ಲ ಎನ್ನುತ್ತೀರಾ? ಹುಡುಕಾಟವನ್ನಾದರೂ ರಜೆಗೆ ಮೊದಲೇ ಶುರು ಮಾಡಬಹುದು. ಎರಡು ತಿಂಗಳ ಮುಂಚೆಯೇ ಮನೆಯವರು ಅದೇ ಮಾಡೆಲ್, ಅದೇ ವರ್ಷದ ನಾಲ್ಕೈದು ಕಾರುಗಳ ಬೆಲೆ ಬರೆದಿಟ್ಟುಕೊಳ್ಳಲಿ. ವಾರಗಟ್ಟಲೆ ಮಾರಾಟವಾಗದೆ ನಿಂತ ಕಾರಿಗೆ ಬೆಲೆ ಇಳಿಸಲು ಜಾಗ ಉಂಟು.

ನೋಡಲು ಬೆಳಿಗ್ಗೆ ಹೋಗಿ. "ನಾವು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ" ಎನ್ನಿ. ತಣ್ಣಗಿನ ಎಂಜಿನ್ ಸುಳ್ಳು ಹೇಳುವುದಿಲ್ಲ. ನಿಮ್ಮದೇ ಮೆಕ್ಯಾನಿಕ್ ಜೊತೆಗಿರಲಿ, ಮಕ್ಕಳು ಮನೆಯಲ್ಲಿರಲಿ. ಅವರು ಸೀಟಿನಲ್ಲಿ ಕುಳಿತು ಕುಣಿದರೆ ಮತ್ತೆ ನಿಮ್ಮ ಮಾತಿಗೆ ಬೆಲೆಯಿಲ್ಲ. ಟಯರಿನ ಮೇಲೆ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ ಅದು 2019ರ 23ನೇ ವಾರದ ಟಯರು. ಟಯರು, ಬ್ಯಾಟರಿ, ಕ್ಲಚ್‌ಗೆ ಬೀಳುವ ಖರ್ಚನ್ನು ಚೀಟಿಯಲ್ಲಿ ಬರೆದು ಮುಂದಿಡಿ. "ಸ್ವಲ್ಪ ಕಡಿಮೆ ಮಾಡಿ" ಎಂಬ ಬೇಡಿಕೆಗಿಂತ ಆ ಚೀಟಿಗೆ ಬಲ ಜಾಸ್ತಿ. ನಿಮ್ಮ ಬೆಲೆ ಹೇಳಿ, ಸುಮ್ಮನಿರಿ. ಒಪ್ಪದಿದ್ದರೆ ಸಲಾಂ ಹೇಳಿ ಹೊರಡಿ. ಎಷ್ಟೋ ಸಲ ಗೇಟು ದಾಟುವ ಮುಂಚೆ ಕರೆ ಬರುತ್ತದೆ.

ತಲಪಾಡಿ ದಾಟಿ ಕಾಸರಗೋಡಿನ ಕೆಎಲ್ 14 ಕಾರು ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಬೇಡಿ. ಅಲ್ಲಿನ ಎನ್‌ಒಸಿ, ಇಲ್ಲಿನ ತೆರಿಗೆ, ಹೊಸ ನೋಂದಣಿ ಎಲ್ಲ ಸೇರಿಸಿ ಲೆಕ್ಕ ಹಾಕಿ.

ಅಡ್ವಾನ್ಸ್ ಕೊಡುವ ಮುಂಚೆ ಆರ್‌ಸಿ ನೋಡಿ. ಬ್ಯಾಂಕ್ ಸಾಲ ಉಂಟಾ, ದಂಡ ಬಾಕಿ ಉಂಟಾ ಎಂದು ವಿಚಾರಿಸಿ. ಫಾರ್ಮ್ 29, 30ಕ್ಕೆ ಸಹಿಯಾಗಿ ಹೆಸರು ಬದಲಾಗಲೇಬೇಕು. ಆ ಬಳಿಕ 14 ದಿನದೊಳಗೆ ಇನ್ಶೂರೆನ್ಸನ್ನೂ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಕಾರು ಮಾರಿ ವಿಮಾನ ಹತ್ತುವವರಿಗೂ ಇದು ಅನ್ವಯ. ಕಾರು ಕೈಬದಲಾದರೂ ಆರ್‌ಸಿಯಲ್ಲಿ ಹೆಸರಿರುವವರೇ ಮಾಲಕರು, ಅಪಘಾತವಾದರೆ ಪರಿಹಾರದ ಹೊಣೆ ಅವರದ್ದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದುಬೈಯಲ್ಲಿ ಕುಳಿತವರಿಗೆ ಊರಿನ ಕೋರ್ಟಿನಿಂದ ನೋಟಿಸ್ ಬರುವುದು ಬೇಡವಲ್ಲ?

ತಮ್ಮ ಕಳೆದ ವರ್ಷ ಮತ್ತೊಂದು ಕಾರು ಕೊಂಡ. ಬ್ರೋಕರ್ ರಜೆ ಕೇಳಿದಾಗ ನಕ್ಕು, "ಅವಸರ ಇಲ್ಲ, ನೋಡುವ" ಎಂದನಂತೆ. ಆಗ ಅವನ ರಜೆಯಲ್ಲಿ ಉಳಿದದ್ದು ಆರೇ ದಿನ. ಆದರೆ ಮನೆಯಲ್ಲಿ ಉಮ್ಮ ಬರೆದಿಟ್ಟ ಬೆಲೆಯ ಪಟ್ಟಿ ಅವನ ಕಿಸೆಯಲ್ಲಿತ್ತು.